ಕೇಳುಗರ ಕಟ್ಟೆ: ಮಿಲ್ಟ್ ಜಾಕ್ಸನ್ ಮತ್ತು ಅವರ ವೈಬ್ರಾಫೋನ್

ಹಿಂದಿನ ಸಂಚಿಕೆಯಲ್ಲಿ ಜಲತರಂಗದ ಬಗ್ಗೆ ಬಂದ ಪ್ರಶ್ನೆಗೆ ಉತ್ತರಿಸುವಾಗ, ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವೈಬ್ರಾಫೋನ್ ಎಂಬ ವಾದ್ಯವನ್ನು ಅಮೆರಿಕದ ಜಾಝ್ ಕಲಾವಿದ ಮಿಲ್ಟ್ ಜಾಕ್ಸನ್ ಹಾಡಿಸಿದರೆಂದು ಒಂದು ಸಾಲಿನಲ್ಲಿ ಪ್ರಸ್ತಾಪಿಸಿ ಮುಂದಕ್ಕೆ ಹೋಗಿದ್ದೆವು. ಆ ಸಾಲನ್ನು ಹಿಡಿದು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳು ಸಾಕಷ್ಟು ಬಂದಿರುವುದರಿಂದ ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ವಿಷಯದ ಪ್ರಶ್ನೆಗಳನ್ನು ಒಟ್ಟುಗೂಡಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕಾಫಿ ತೋಟದ ಹಳೆಯ ಬಂಗಲೆಯ ಬೀರುವಿನಲ್ಲಿ ಒಂದು ಎಲ್‌ಪಿ ರೆಕಾರ್ಡು ಸಿಕ್ಕಿದೆ. ಹೊದಿಕೆಯ ಮೇಲೆ ಕಪ್ಪು ಸೂಟು ತೊಟ್ಟ ನಾಲ್ವರ ಚಿತ್ರವೂ ಮಾಡರ್ನ್ ಜಾಝ್ ಕ್ವಾರ್ಟೆಟ್ ಎಂಬ ಹೆಸರೂ ಇವೆ. ತಾವು ಹೇಳಿದ ಜಾಕ್ಸನ್ ಇವರಲ್ಲೊಬ್ಬರೇ? ಅವರ ಜೀವನದ ಬಗ್ಗೆ ತಿಳಿಸಬೇಕು. (ಸಕಲೇಶಪುರದ ಓದುಗರು)

ಉತ್ತರ: ಹೌದು, ಅವರಲ್ಲೊಬ್ಬರು. ಹೊದಿಕೆಯ ಹಿಂಬದಿಯಲ್ಲಿ ಕಲಾವಿದರ ಹೆಸರುಗಳನ್ನು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ: ಪಿಯಾನೊ ಜಾನ್ ಲೂಯಿಸ್, ವೈಬ್ರಾಫೋನ್ ಮಿಲ್ಟ್ ಜಾಕ್ಸನ್, ಬೇಸ್ ಪರ್ಸಿ ಹೀತ್, ಡ್ರಮ್ಸ್ ಕೆನ್ನಿ ಕ್ಲಾರ್ಕ್ ಅಥವಾ ಕಾನಿ ಕೇ. ಕ್ಲಾರ್ಕ್ ಅವರು 1955ರಲ್ಲಿ ತಂಡ ಬಿಟ್ಟ ಮೇಲೆ ಕೇ ಬಂದದ್ದರಿಂದ, ಡ್ರಮ್ಸ್ ನುಡಿಸಿದವರ ಹೆಸರನ್ನು ನೋಡಿದರೆ ತಮ್ಮ ರೆಕಾರ್ಡು ಯಾವ ಕಾಲದ ಧ್ವನಿಮುದ್ರಣವೆಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ರಟ್ಟಿಗೆ ಬೂಷ್ಟು ಹಿಡಿಯುವುದು ಬೇಗ. ದಯವಿಟ್ಟು ಅದನ್ನು ಒಣ ಜಾಗದಲ್ಲಿ, ಮಲಗಿಸದೆ ನಿಲ್ಲಿಸಿ ಇಡಿ.

ಜಾಕ್ಸನ್ ಹುಟ್ಟಿದ್ದು 1923ರ ಜನವರಿ 1ರಂದು, ಕಾರು ಕಾರ್ಖಾನೆಗಳಿಗೆ ಹೆಸರಾದ ಡೆಟ್ರಾಯಿಟ್ ನಗರದಲ್ಲಿ. ಏಳನೆಯ ವಯಸ್ಸಿನಲ್ಲಿ ಗಿಟಾರು, ಹನ್ನೊಂದನೆಯ ವಯಸ್ಸಿನಲ್ಲಿ ಪಿಯಾನೊ ಹಿಡಿದ ಹುಡುಗ ಹೈಸ್ಕೂಲಿಗೆ ಬರುವಷ್ಟರಲ್ಲಿ ಡ್ರಮ್ಸ್ ಮತ್ತು ಮರದ ಪಟ್ಟಿಗಳ ಝೈಲೋಫೋನ್ ನುಡಿಸುತ್ತಿದ್ದರು. ಕಡೆಗೆ ನೆಲೆ ನಿಂತದ್ದು ವೈಬ್ರಾಫೋನಿನಲ್ಲಿ. ಇವೆಲ್ಲದರ ಜೊತೆಗೆ ಅವರು ಚರ್ಚಿನಲ್ಲಿ ಗಾಸ್ಪೆಲ್ ಗೀತೆಗಳನ್ನು ಹಾಡುತ್ತಿದ್ದರು. ಯಾವ ಶ್ರುತಿಯನ್ನು ಕೇಳಿದರೂ ಆಧಾರವಿಲ್ಲದೆ ಅದು ಇಂಥದ್ದೇ ಎಂದು ಗುರುತಿಸುವ ಕಿವಿ ಅವರಿಗಿತ್ತು. ಮುಂದೆ ಅವರು ಬೆಳೆದ ದಾರಿಯನ್ನು ನೋಡಿದರೆ, ಹೈಸ್ಕೂಲಿನಲ್ಲಿ ಕಲಿತ ವಾದ್ಯಗಳೆಲ್ಲಕ್ಕಿಂತ ಚರ್ಚಿನ ಹಾಡುಗಾರಿಕೆಯೇ ಅವರನ್ನು ಹೆಚ್ಚಾಗಿ ರೂಪಿಸಿತೆಂದು ನಮಗೆ ತೋರುತ್ತದೆ.

ಸೇನಾಸೇವೆ ಮುಗಿಸಿ ಊರಿಗೆ ಮರಳಿದ್ದ ಜಾಕ್ಸನ್ ಅವರನ್ನು ಡೆಟ್ರಾಯಿಟಿನಲ್ಲಿ ಕೇಳಿ ನ್ಯೂಯಾರ್ಕಿಗೆ ಕರೆಸಿಕೊಂಡವರು, ಬೀಬಾಪ್ ಎಂಬ ಹೊಸ ಶೈಲಿಯ ಮುಂದಾಳುಗಳಲ್ಲಿ ಒಬ್ಬರಾದ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ. ಅದು 1945. ಆ ವರ್ಷದ ಕೊನೆಯಲ್ಲಿ ಗಿಲೆಸ್ಪಿ ತಮ್ಮ ತಂಡವನ್ನು ಲಾಸ್ ಏಂಜಲೀಸಿನ ಬಿಲಿ ಬರ್ಗ್ ಅವರ ಕ್ಲಬ್ಬಿಗೆ ಕರೆದೊಯ್ದಾಗ, ತಂಡದ ಮತ್ತೊಬ್ಬ ದೊಡ್ಡ ಕಲಾವಿದ ಚಾರ್ಲಿ ಪಾರ್ಕರ್ ಹೇಳಿದ ಹೊತ್ತಿಗೆ ವೇದಿಕೆಗೆ ಬರುತ್ತಾರೆಂಬ ಖಾತ್ರಿಯಿರಲಿಲ್ಲ. ಅವರು ಬಾರದಿದ್ದರೂ ಕಛೇರಿ ನಡೆಯಲೇಬೇಕೆಂದು ಒಬ್ಬ ಕಲಾವಿದರನ್ನು ಹೆಚ್ಚಿಗೆ ಸೇರಿಸಿಕೊಂಡಿದ್ದರು. ಆ ಹೆಚ್ಚಿನವರೇ ಜಾಕ್ಸನ್.

1946ರಲ್ಲಿ ಗಿಲೆಸ್ಪಿ ದೊಡ್ಡ ವಾದ್ಯವೃಂದವನ್ನು ಕಟ್ಟಿದರು. ಅದರ ಟ್ರಂಪೆಟ್ ವಾದಕರು ತಾರಸ್ಥಾಯಿಯಲ್ಲಿ ಬಿಡುವಿಲ್ಲದೆ ಊದಬೇಕಾಗಿದ್ದುದರಿಂದ ಅವರ ತುಟಿಗಳಿಗೆ ನಡುನಡುವೆ ವಿಶ್ರಾಂತಿ ಬೇಕಾಗುತ್ತಿತ್ತು. ಆ ಬಿಡುವಿನಲ್ಲಿ ಸಭೆಯನ್ನು ಹಿಡಿದಿಡುವ ಕೆಲಸ ಪಿಯಾನೊದ ಲೂಯಿಸ್, ವೈಬ್ರಾಫೋನಿನ ಜಾಕ್ಸನ್, ಬೇಸಿನ ರೇ ಬ್ರೌನ್, ಡ್ರಮ್ಸಿನ ಕ್ಲಾರ್ಕ್ ಇವರ ಪಾಲಿಗೆ ಬಂತು. ಊದುವವರ ದಣಿವಾರಿಸಲು ಹುಟ್ಟಿದ ಈ ಚಿಕ್ಕ ಮೇಳವೇ 1951ರ ಹೊತ್ತಿಗೆ ಜಾಕ್ಸನ್ ಅವರ ಹೆಸರಿನ ಸ್ವತಂತ್ರ ತಂಡವಾಗಿ, 1952ರಲ್ಲಿ ಮಾಡರ್ನ್ ಜಾಝ್ ಕ್ವಾರ್ಟೆಟ್ ಎಂದು ಹೆಸರು ಬದಲಿಸಿಕೊಂಡಿತು. ಬ್ರೌನ್ ಅವರ ಜಾಗಕ್ಕೆ ಬಂದ ಹೀತ್ ಕೊನೆಯವರೆಗೂ ಉಳಿದರು.

ಪ್ರಶ್ನೆ: ವೈಬ್ರಾಫೋನ್ ವಿದ್ಯುತ್ತಿನಿಂದ ನಡೆಯುವ ವಾದ್ಯವೆಂದು ಕೇಳಿದ್ದೇನೆ. ಹಾಗಾದರೆ ಅದರ ನಾದ ವಿದ್ಯುನ್ಮಾನ ನಾದವೇ? ಕೆಲಸ ಮಾಡುವ ಬಗೆಯನ್ನು ತರಗತಿಯಲ್ಲಿ ಹೇಳಲು ಅನುಕೂಲವಾಗುವಂತೆ ವಿವರಿಸುವಿರಾ? (ಹಾಸನದ ವಿಜ್ಞಾನ ಅಧ್ಯಾಪಕಿ)

ಉತ್ತರ: ನಾದ ಹುಟ್ಟುವುದು ಲೋಹದಿಂದ, ವಿದ್ಯುತ್ತಿಗೂ ಅದರ ಹುಟ್ಟಿಗೂ ಸಂಬಂಧವಿಲ್ಲ. ಸಾಮಾನ್ಯ ವೈಬ್ರಾಫೋನಿನಲ್ಲಿ ಮೂರು ಸ್ಥಾಯಿಗಳನ್ನು ವ್ಯಾಪಿಸುವ 37 ಅಲ್ಯೂಮಿನಿಯಂ ಮಿಶ್ರಲೋಹದ ಪಟ್ಟಿಗಳಿರುತ್ತವೆ. ಪಿಯಾನೊದ ಬಿಳಿ ಮತ್ತು ಕಪ್ಪು ಮನೆಗಳಂತೆ ಅವು ಎರಡು ಸಾಲಾಗಿರುತ್ತವೆ. ಪಟ್ಟಿಯನ್ನು ಬಾಗಿ ಕೆಳಗಿನಿಂದ ನೋಡಿದರೆ ನಡುಭಾಗವನ್ನು ಕಮಾನಿನಂತೆ ಕೆತ್ತಿ ತೆಳುವಾಗಿಸಿರುವುದು ಕಾಣುತ್ತದೆ. ಒಂದೇ ದಪ್ಪದ ಲೋಹದ ಪಟ್ಟಿಯನ್ನು ಬಡಿದರೆ ಮೂಲಸ್ವರದ ಸುಮಾರು 2.76 ಪಟ್ಟು ಕಂಪನಾಂಕದ ಉಪಸ್ವರವೊಂದು ಏಳುತ್ತದೆ. ಅದು ಮೂಲಸ್ವರದೊಂದಿಗೆ ಕೂಡಿಕೊಳ್ಳದೆ ಕಿವಿಗೆ ಗಡುಸಾಗಿ ಬಡಿಯುತ್ತದೆ. ಕಮಾನಿನ ಕೆತ್ತನೆಯಿಂದ ಆ ಉಪಸ್ವರವನ್ನು ಸರಿಯಾಗಿ ನಾಲ್ಕು ಪಟ್ಟು ಕಂಪನಾಂಕಕ್ಕೆ, ಅಂದರೆ ಎರಡು ಸ್ಥಾಯಿ ಮೇಲಿನ ಅದೇ ಸ್ವರಕ್ಕೆ, ತಂದು ಕೂರಿಸುತ್ತಾರೆ. ಪಟ್ಟಿಯ ಎರಡೂ ತುದಿಗಳಿಂದ ಉದ್ದದ ಶೇಕಡಾ 22ರಷ್ಟು ಒಳಗೆ, ಕಂಪನವೇ ಇಲ್ಲದ ಬಿಂದುವಿನಲ್ಲಿ, ತೂತು ಕೊರೆದು ದಾರ ಪೋಣಿಸಿರುತ್ತಾರೆ. ಬೇರೆಲ್ಲಿ ದಾರ ಹಾಕಿದರೂ ಪಟ್ಟಿಯ ನಾದ ಸತ್ತಂತಾಗುತ್ತದೆ.

ಪ್ರತಿ ಪಟ್ಟಿಯ ಕೆಳಗೂ ತಳ ಮುಚ್ಚಿದ ಕೊಳವೆಯೊಂದಿರುತ್ತದೆ. ಕೊಳವೆಯ ಉದ್ದ ಆ ಸ್ವರದ ತರಂಗಾಂತರದ ಕಾಲುಭಾಗ. ಅತ್ಯಂತ ಕೆಳಗಿನ ಸ್ವರದ ಕಂಪನಾಂಕ ಸುಮಾರು 175 ಹರ್ಟ್ಜ್. ಶಬ್ದದ ವೇಗವನ್ನು ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ ಕೊಳವೆ ಹತ್ತಿರ ಹತ್ತಿರ 49 ಸೆಂಟಿಮೀಟರ್ ಬರುತ್ತದೆ, ಮೇಲ್ತುದಿಯ ಸ್ವರಕ್ಕೆ 6 ಸೆಂಟಿಮೀಟರ್ ಸಾಕು. ಈ ಲೆಕ್ಕವನ್ನು ತಮ್ಮ ವಿದ್ಯಾರ್ಥಿಗಳಿಂದ ಹಲಗೆಯ ಮೇಲೆ ಮಾಡಿಸಬಹುದು. ಆದರೆ ಚಿತ್ರದಲ್ಲಿ ವಾದ್ಯವನ್ನು ನೋಡಿದ ಯಾವನಾದರೂ ಚುರುಕು ಹುಡುಗ, ಮೇಲ್ತುದಿಯ ಕೊಳವೆಗಳೂ ಉದ್ದವಾಗಿಯೇ ಇವೆಯಲ್ಲ ಎಂದು ಕೇಳಿಯಾನು. ಅನೇಕ ವಾದ್ಯಗಳಲ್ಲಿ ಸಭೆಗೆ ಕಾಣುವ ಬದಿಯ ಕೊಳವೆಗಳನ್ನು ಅಂದಕ್ಕಾಗಿ ಉದ್ದ ಬಿಟ್ಟು, ಒಳಗೆ ಬೇಕಾದ ಆಳದಲ್ಲಿ ಬಿರಡೆ ಹಾಕಿ ಮುಚ್ಚಿರುತ್ತಾರೆ.

ವಿದ್ಯುತ್ತು ಬೇಕಾಗುವುದು ಒಂದೇ ಕೆಲಸಕ್ಕೆ. ಕೊಳವೆಗಳ ಬಾಯೊಳಗೆ ಚಪ್ಪಟೆಯಾದ ಬಿಲ್ಲೆಗಳಿವೆ. ಒಂದೇ ಸರಳಿಗೆ ಜೋಡಿಸಿರುವ ಅವನ್ನು ಸಣ್ಣ ಮೋಟಾರು ತಿರುಗಿಸುತ್ತದೆ. ಬಿಲ್ಲೆ ಅಡ್ಡ ಮಲಗಿದಾಗ ಕೊಳವೆ ಮುಚ್ಚಿ ನಾದ ಕುಗ್ಗುತ್ತದೆ, ನೆಟ್ಟಗೆ ನಿಂತಾಗ ತೆರೆದು ಹಿಗ್ಗುತ್ತದೆ. ಕಾಲಡಿಯ ಪೆಡಲನ್ನು ಒತ್ತಿದರೆ ಪಟ್ಟಿಗಳಿಗೆ ತಾಗಿರುವ ಫೆಲ್ಟ್ ಹೊದಿಸಿದ ಅಡ್ಡಪಟ್ಟಿ ಕೆಳಗಿಳಿದು ನಾದ ಉಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಇಂಡಿಯಾನಾಪೊಲಿಸಿನ ಲೀಡಿ ಕಂಪನಿ 1920ರ ದಶಕದ ಆದಿಯಲ್ಲಿ ಮೊದಲ ರೂಪವನ್ನು ತಂದಿತು. ಅಲ್ಯೂಮಿನಿಯಂ ಪಟ್ಟಿ ಮತ್ತು ಪೆಡಲುಗಳಿರುವ ಇಂದಿನ ರೂಪವನ್ನು 1927ರಲ್ಲಿ ಡೀಗನ್ ಕಂಪನಿಗಾಗಿ ಹೆನ್ರಿ ಶ್ಲೂಟರ್ ಸಿದ್ಧಪಡಿಸಿದರು.

ಪ್ರಶ್ನೆ: ನಮ್ಮದು ಸಂಗೀತಗಾರರ ಊರು. ವಾದ್ಯವೆಂದರೆ ಗಾಯನವನ್ನು ಅನುಸರಿಸಬೇಕೆಂಬುದು ನಾವು ಕೇಳಿಕೊಂಡು ಬೆಳೆದ ಮಾತು. ಕೋಲಿನಿಂದ ಬಡಿಯುವ ಲೋಹದ ಪಟ್ಟಿಯಲ್ಲಿ ಗಮಕ ಬರುವುದಿಲ್ಲ. ಹೀಗಿರುವಾಗ ಜಾಕ್ಸನ್ ವಾದ್ಯವನ್ನು ಹಾಡಿಸಿದರೆಂದು ತಾವು ಬರೆದದ್ದು ಅತಿಶಯೋಕ್ತಿಯಲ್ಲವೇ? (ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಓದುಗರು)

ಉತ್ತರ: ಗಾಯಕ ಆರ್.ಕೆ. ಶ್ರೀಕಂಠನ್ ಅವರು ಹುಟ್ಟಿದ ಊರಿನಿಂದ ಈ ಆಕ್ಷೇಪ ಬಂದಿರುವುದು ಸಹಜವೇ ಆಗಿದೆ. ತಮ್ಮ ಮಾತಿನ ಮೊದಲರ್ಧವನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ವೈಬ್ರಾಫೋನಿನಲ್ಲಿ ಗಮಕ ಬರುವುದಿಲ್ಲ. ಮೋಟಾರಿನಿಂದ ಬರುವ ಅಲುಗಾಟವೂ ಗಮಕವಲ್ಲ, ಏಕೆಂದರೆ ಅಲ್ಲಿ ಏರಿಳಿಯುವುದು ನಾದದ ಪ್ರಮಾಣವೇ ಹೊರತು ಸ್ವರಸ್ಥಾನವಲ್ಲ. ಗಟ್ಟಿ ರಬ್ಬರಿನ ಕೋಲನ್ನು ಪಟ್ಟಿಯ ಮೇಲೆ ಒತ್ತಿ ಸರಿಸಿ ಶ್ರುತಿಯನ್ನು ಕೊಂಚ ಇಳಿಸುವ ಉಪಾಯವನ್ನು ನಂತರದ ಕೆಲವರು ಬಳಸಿದ್ದಾರೆ. ಅದು ಅಪರೂಪಕ್ಕೊಮ್ಮೆ ಮಾಡುವ ಚಮತ್ಕಾರ ಮಾತ್ರ. ಮೋಹನವನ್ನು ಇದರಲ್ಲಿ ಹೇಗೋ ನುಡಿಸಬಹುದು, ತೋಡಿಯನ್ನು ನುಡಿಸಲಾಗದು.

ಆದರೆ ಜಾಕ್ಸನ್ ಅವರ ಮುಂದಿದ್ದ ಸಮಸ್ಯೆಯೂ ತಾವು ಹೇಳಿದ್ದೇ ಆಗಿತ್ತು. ಚರ್ಚಿನಲ್ಲಿ ಹಾಡಿದ ಕೊರಳಿಗೆ ಸ್ವರದಿಂದ ಸ್ವರಕ್ಕೆ ಜಾರುವುದು ಗೊತ್ತು, ಕೈಗೆ ಸಿಕ್ಕಿದ ವಾದ್ಯಕ್ಕೆ ಗೊತ್ತಿಲ್ಲ. ಅವರಿಗಿಂತ ಹಿಂದಿನ ಹಿರಿಯ ಲಯನೆಲ್ ಹ್ಯಾಂಪ್ಟನ್ ಅವರ ವಾದ್ಯದ ಬಿಲ್ಲೆಗಳು ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತಿದ್ದವೆಂದೂ, ಜಾಕ್ಸನ್ ಅದನ್ನು 3.3 ಸುತ್ತಿಗೆ ಇಳಿಸಿದರೆಂದೂ ಸಾಮಾನ್ಯವಾಗಿ ಲೆಕ್ಕ ಕೊಡುತ್ತಾರೆ. ವೇಗ ಹೆಚ್ಚಿದ್ದಾಗ ನಾದ ಗಿಜಿಗುಟ್ಟಿ ಎಲ್ಲ ಸ್ವರಗಳೂ ಒಂದೇ ಬಗೆಯಾಗಿ ಮಿನುಗುತ್ತವೆ. ವೇಗ ಇಳಿದಾಗ ಏನಾಗುತ್ತದೆಂದರೆ, ಚಿಕ್ಕ ಸ್ವರಗಳು ಬಿಲ್ಲೆ ಒಂದು ಸುತ್ತು ಮುಗಿಸುವ ಮೊದಲೇ ಮುಗಿದುಹೋಗಿ ಅಲುಗದೆ ನೇರವಾಗಿ ಕೇಳಿಸುತ್ತವೆ. ಕಾರ್ವೆ ಕೊಟ್ಟ ಸ್ವರ ಮಾತ್ರ ನಿಧಾನವಾಗಿ ಅಲೆಯೇಳುತ್ತದೆ. ಗಾಯಕರು ಮಾಡುವುದೂ ಇದನ್ನೇ ಅಲ್ಲವೇ? ಓಡುವ ಸಂಗತಿಯಲ್ಲಿ ಕೊರಳನ್ನು ಅಲುಗಿಸದೆ, ನಿಂತ ಸ್ವರದಲ್ಲಿ ಅಲುಗಿಸುತ್ತಾರೆ. ಇದಕ್ಕೆ ಜಾಕ್ಸನ್ ಇನ್ನೆರಡನ್ನು ಸೇರಿಸಿದರು. ಮುಖ್ಯ ಸ್ವರಕ್ಕೆ ಮುಂಚೆ ಅದರ ಪಕ್ಕದ ಸ್ವರವನ್ನು ಮೆಲ್ಲಗೆ ಸೋಕಿಸಿ, ಕಿವಿಗೆ ಜಾರಿದ ಭ್ರಮೆ ಹುಟ್ಟಿಸುವುದು ಒಂದು. ಒಂದು ಪದಗುಚ್ಛದೊಳಗೇ ಕೆಲವು ಸ್ವರಗಳನ್ನು ನುಂಗಿ, ಕೆಲವನ್ನು ಒತ್ತಿ, ಮಾತಿನಲ್ಲಿ ಬರುವ ಏರಿಳಿತವನ್ನು ತರುವುದು ಇನ್ನೊಂದು. ಹೀಗೆ ಅವರು ಕಟ್ಟಿಕೊಂಡದ್ದು ಗಮಕವನ್ನಲ್ಲ, ಗಮಕವಿಲ್ಲದ ವಾದ್ಯದಲ್ಲಿ ಉಸಿರಾಟವನ್ನು. ಹಾಡಿಸಿದರು ಎಂದು ಬರೆದದ್ದು ಆ ಅರ್ಥದಲ್ಲಿ. ಆ ಮಾತನ್ನು ಹಿಂದೆಗೆದುಕೊಳ್ಳುವ ಅಗತ್ಯ ನಮಗೆ ಕಾಣುತ್ತಿಲ್ಲ.

ಪ್ರಶ್ನೆ: ಇಪ್ಪತ್ತಕ್ಕೂ ಹೆಚ್ಚು ವರ್ಷ ಒಟ್ಟಿಗಿದ್ದ ಕ್ವಾರ್ಟೆಟ್ಟನ್ನು ಜಾಕ್ಸನ್ 1974ರಲ್ಲಿ ಬಿಟ್ಟದ್ದೇಕೆ? ಜಾನ್ ಲೂಯಿಸ್ ಅವರೊಂದಿಗೆ ಮನಸ್ತಾಪವಿತ್ತೆಂದು ಒಂದೆಡೆ ಓದಿದ್ದೆ. (ಚಿಕ್ಕಮಗಳೂರಿನ ಓದುಗರು)

ಉತ್ತರ: ಮನಸ್ತಾಪಕ್ಕಿಂತ ಮನೋಧರ್ಮದ ವ್ಯತ್ಯಾಸ ಎನ್ನುವುದು ಹೆಚ್ಚು ಸರಿ. ಕ್ವಾರ್ಟೆಟ್ಟಿನ ಸಂಗೀತ ನಿರ್ದೇಶಕರಾಗಿದ್ದ ಲೂಯಿಸ್, ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ, ಅದರಲ್ಲೂ ಒಂದೇ ರಾಗಖಂಡವನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ, ಬಾಖ್ ಅವರ ಕಾಲದ ಫ್ಯೂಗ್ ರಚನೆಗಳಲ್ಲಿ, ಆಳವಾದ ಆಸಕ್ತಿಯುಳ್ಳವರು. ಜಾಝ್ ಸಂಗೀತಕ್ಕೆ ದೊಡ್ಡ ಸಭಾಂಗಣದ ಗೌರವ ಸಿಗಬೇಕು, ಕೇಳುವವರು ಮಾತು ನಿಲ್ಲಿಸಿ ಕೇಳಬೇಕು ಎಂಬುದು ಅವರ ಹಟ. ಸಕಲೇಶಪುರದ ಓದುಗರು ಕಂಡ ಕಪ್ಪು ಸೂಟುಗಳು ಆ ಹಟದ ಭಾಗವೇ. ಜಾಕ್ಸನ್ ಅವರಾದರೋ ಅಮೆರಿಕದ ಕರಿಯರ ಜನಪದ ಹಾಡುಗಳಿಂದ ಬೆಳೆದ ಬ್ಲೂಸ್ ಸಂಗೀತದಲ್ಲಿ ಬೇರು ಬಿಟ್ಟವರು. ಬರೆದಿಟ್ಟ ರಚನೆಗಿಂತ ಆ ಹೊತ್ತಿನ ಸ್ಫೂರ್ತಿಗೆ ಒಲಿದವರು. ಕ್ವಾರ್ಟೆಟ್ಟಿನ ಹೊರಗೆ ಅವರು ರೇ ಚಾರ್ಲ್ಸ್, ಜಾನ್ ಕೋಲ್ಟ್ರೇನ್ ಮೊದಲಾದವರೊಡನೆ ಮಾಡಿದ ಧ್ವನಿಮುದ್ರಣಗಳಲ್ಲಿ ಈ ಒಲವು ಎದ್ದು ಕಾಣುತ್ತದೆ. ಚಾರ್ಲ್ಸ್ ಅವರೊಡನೆ ಬಾಲ್ಯದ ಗಿಟಾರನ್ನೂ ನುಡಿಸಿದ್ದಾರೆ. ಲೂಯಿಸ್ ಅವರ ಕಟ್ಟುಪಾಡು ಜಾಕ್ಸನ್ ಅವರನ್ನು ಕಟ್ಟಿಹಾಕಿತೆಂದು ಹಲವು ವಿಮರ್ಶಕರು ದೂರಿದ್ದಾರೆ. ನಮಗೆ ಆ ದೂರಿನಲ್ಲಿ ಅರ್ಧ ಸತ್ಯ ಮಾತ್ರ ಕಾಣುತ್ತದೆ. ಲೂಯಿಸ್ ಅವರ ಮಿತವಾದ, ಎಣಿಸಿ ಇಟ್ಟಂತಹ ಪಿಯಾನೊ ಸ್ವರಗಳು ಹಿಂದೆ ಇದ್ದುದರಿಂದಲೇ ಜಾಕ್ಸನ್ ಅವರ ನಾದ ಅಷ್ಟು ಬಿಡಿಯಾಗಿ, ಅಷ್ಟು ಬೆಚ್ಚಗೆ ಕೇಳಿಸಿತು.

1974ರ ನಿರ್ಧಾರಕ್ಕೆ ದುಡ್ಡೂ ಕಾರಣ. ಅದನ್ನು ಅವರು ಮುಚ್ಚಿಡಲಿಲ್ಲ. ರಾಕ್ ಸಂಗೀತಗಾರರು ಗಳಿಸುತ್ತಿದ್ದ ಹಣವನ್ನು ನೋಡಿದಾಗ, ವರ್ಷಗಟ್ಟಲೆ ಊರೂರು ತಿರುಗಿ ಹೆಸರು ಗಳಿಸಿದ ತಮಗೆ ಶ್ರಮಕ್ಕೆ ತಕ್ಕ ಪ್ರತಿಫಲ ಸಿಗುತ್ತಿಲ್ಲವೆಂಬ ಅಸಮಾಧಾನ ಅವರಿಗಿತ್ತು. ಕಲಾವಿದರು ಹಣದ ಮಾತಾಡಿದರೆ ಮುಖ ಸಿಂಡರಿಸುವ ಅಭ್ಯಾಸ ನಮ್ಮಲ್ಲಿಯೂ ಇದೆ. ಜಾಕ್ಸನ್ ಕೇಳಿದ್ದು ನ್ಯಾಯವಾಗಿಯೇ ಇತ್ತು. ಆ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನ ಏವರಿ ಫಿಶರ್ ಸಭಾಂಗಣದಲ್ಲಿ ಬೀಳ್ಕೊಡುಗೆಯ ಕಛೇರಿ ನಡೆಯಿತು. ಆದರೆ ಅದೇ ಕೊನೆಯಾಗಲಿಲ್ಲ. 1981ರಲ್ಲಿ ನಾಲ್ವರೂ ಮತ್ತೆ ಒಂದಾಗಿ, ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಜೊತೆಗೆ ನುಡಿಸಿ ಉಳಿದ ಸಮಯವನ್ನು ತಮ್ಮ ತಮ್ಮ ಕೆಲಸಕ್ಕೆ ಇಟ್ಟುಕೊಂಡರು. ಮೊದಲೇ ಹೀಗೆ ಏರ್ಪಾಡು ಮಾಡಿಕೊಂಡಿದ್ದರೆ ಒಡಕು ಬರುತ್ತಿರಲಿಲ್ಲವೇನೋ. ಕಾನಿ ಕೇ 1994ರಲ್ಲಿ ತೀರಿಕೊಂಡರು. ಜಾಕ್ಸನ್ 1999ರ ಅಕ್ಟೋಬರ್ 9ರಂದು, ಯಕೃತ್ತಿನ ಕ್ಯಾನ್ಸರಿನಿಂದ, ನ್ಯೂಯಾರ್ಕಿನಲ್ಲಿ ನಿಧನರಾದರು.

ಪ್ರಶ್ನೆ: ವೈಬ್ರಾಫೋನನ್ನು ಜಾಝ್ ಸಂಗೀತಕ್ಕೆ ತಂದವರು ಜಾಕ್ಸನ್ ಅವರೇ? ಅವರ ನಂತರ ಯಾರು? (ಮೂಡಿಗೆರೆಯ ಓದುಗರು)

ಉತ್ತರ: ಅಲ್ಲ. ಆ ಕೀರ್ತಿ ಬಹುಮಟ್ಟಿಗೆ, ಮೇಲೆ ಹೆಸರಿಸಿದ ಲಯನೆಲ್ ಹ್ಯಾಂಪ್ಟನ್ ಅವರದು. 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಧ್ವನಿಮುದ್ರಣಕ್ಕೆ ಡ್ರಮ್ಸ್ ನುಡಿಸಲು ಹೋಗಿದ್ದ ಅವರು, ಸ್ಟುಡಿಯೋದಲ್ಲಿದ್ದ ವೈಬ್ರಾಫೋನನ್ನು ಆರ್ಮ್‌ಸ್ಟ್ರಾಂಗ್ ಅವರ ಸೂಚನೆಯಂತೆ ನುಡಿಸಿದರು. ಝೈಲೋಫೋನ್ ಕಲಿತಿದ್ದದ್ದು ಆಗ ಕೈ ಹಿಡಿಯಿತು. 1936ರಲ್ಲಿ ಅವರು ಸೇರಿದ ಬೆನ್ನಿ ಗುಡ್‌ಮನ್ ಕ್ವಾರ್ಟೆಟ್ಟಿನಲ್ಲಿ ಇಬ್ಬರು ಬಿಳಿಯರೂ ಇಬ್ಬರು ಕರಿಯರೂ ಇದ್ದರು. ವರ್ಣಭೇದದ ಆ ಕಾಲದಲ್ಲಿ ಇಂಥ ತಂಡ ವೇದಿಕೆ ಏರುವುದು ಸಣ್ಣ ಮಾತಾಗಿರಲಿಲ್ಲ. ಜಾಕ್ಸನ್ ಅವರ ನಂತರದವರಲ್ಲಿ ಇಬ್ಬರನ್ನು ಹೆಸರಿಸುತ್ತೇವೆ. ಬಾಬಿ ಹಚರ್ಸನ್ ಬಾಲ್ಯದಲ್ಲಿ ಜಾಕ್ಸನ್ ಅವರ ರೆಕಾರ್ಡು ಕೇಳಿ ಈ ವಾದ್ಯಕ್ಕೆ ಮನಸೋತವರು. ಗ್ಯಾರಿ ಬರ್ಟನ್, ಎರಡರ ಬದಲು ನಾಲ್ಕು ಕೋಲುಗಳನ್ನು ಹಿಡಿದು ಪಿಯಾನೊದಂತೆ ನುಡಿಸಿ, ಮೋಟಾರನ್ನು ನಿಲ್ಲಿಸಿಯೇ ಬಿಟ್ಟವರು. ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಮೂರು ದಶಕ ಪಾಠ ಮಾಡಿ, 2017ರಲ್ಲಿ ವೇದಿಕೆಯಿಂದ ನಿವೃತ್ತರಾದರು.

ಪ್ರಶ್ನೆ: ನಮ್ಮ ಚಿತ್ರಸಂಗೀತದಲ್ಲಿ ಈ ವಾದ್ಯ ಕೇಳಿಸುತ್ತದೆಯೇ? (ಹೊಳೆನರಸೀಪುರದ ಓದುಗರು)

ಉತ್ತರ: ಧಾರಾಳವಾಗಿ. 1950 ಮತ್ತು 60ರ ದಶಕಗಳ ಹಿಂದಿ ಚಿತ್ರಗೀತೆಗಳಲ್ಲಿ, ಪಲ್ಲವಿಗೂ ಚರಣಕ್ಕೂ ನಡುವೆ ಗಂಟೆಯಂತೆ ಮೊಳಗಿ ನಿಧಾನವಾಗಿ ಕರಗುವ ನಾದ ಅನೇಕ ವೇಳೆ ಇದರದೇ. ಮುಂಬೈ ವಾದ್ಯವೃಂದಗಳಲ್ಲಿ ಇದನ್ನು ನುಡಿಸಿದವರ ಪೈಕಿ ಕೇರ್ಸಿ ಲಾರ್ಡ್ ಮತ್ತು ಅವರ ತಮ್ಮ ಬುಜಿ ಲಾರ್ಡ್ ಪ್ರಮುಖರು.

ಪ್ರಶ್ನೆ: ಹತ್ತನೆಯ ತರಗತಿಯಲ್ಲಿರುವ ನನ್ನ ತಮ್ಮನಿಗೆ ವೈಬ್ರಾಫೋನ್ ಕಲಿಯುವ ಆಸೆ. ಎಲ್ಲಿಂದ ಆರಂಭಿಸಬೇಕು? (ಬೇಲೂರಿನ ಓದುಗರು)

ಉತ್ತರ: ವಾದ್ಯ ಬಹಳ ದುಬಾರಿಯಾದ್ದರಿಂದ ಮೊದಲೇ ಕೊಳ್ಳುವ ಯೋಚನೆ ಬೇಡ. ಪಟ್ಟಿಗಳ ಜೋಡಣೆ ಪಿಯಾನೊದಂತೆಯೇ ಇರುವುದರಿಂದ ಕೀಬೋರ್ಡಿನಲ್ಲಿ ಸ್ವರಸಂಯೋಜನೆಯನ್ನೂ ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿಯಲಿ. ಜೊತೆಗೆ ಮೃದಂಗವೋ ಡ್ರಮ್ಸೋ ಅಭ್ಯಾಸವಿದ್ದರೆ ಕೈಗೆ ಲಯ ಕೂರುತ್ತದೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗಳಲ್ಲಿ ಟ್ಯೂನ್ಡ್ ಪರ್ಕಷನ್, ಅಂದರೆ ಬಡಿದು ಸ್ವರ ನುಡಿಸುವ ವಾದ್ಯಗಳು, ಎಂಬ ವಿಭಾಗವಿದೆ. ಅದರ ಆರಂಭದ ಪಾಠಗಳನ್ನು ಲೋಹದ ಪಟ್ಟಿಗಳ ಚಿಕ್ಕ ವಾದ್ಯವಾದ ಗ್ಲಾಕೆನ್‌ಸ್ಪೀಲಿನ ಮೇಲೆಯೂ ಅಭ್ಯಾಸ ಮಾಡಬಹುದು.

ಪ್ರಶ್ನೆ: ಜಾಝ್ ಕೇಳಿ ಅಭ್ಯಾಸವಿಲ್ಲದ ನಮ್ಮಂಥವರು ಜಾಕ್ಸನ್ ಅವರ ಯಾವ ಧ್ವನಿಮುದ್ರಣದಿಂದ ಆರಂಭಿಸಬೇಕು, ಹೇಗೆ ಕೇಳಬೇಕು? (ಕಡೂರಿನ ಓದುಗರು)

ಉತ್ತರ: ‘ಬ್ಯಾಗ್ಸ್ ಗ್ರೂವ್’ ಎಂಬ ಅವರದೇ ರಚನೆಯಿಂದ. ಬ್ಯಾಗ್ಸ್ ಎಂಬುದು ಕಣ್ಣಿನ ಕೆಳಗಿನ ಊತದಿಂದಾಗಿ ಗೆಳೆಯರು ಅವರಿಗಿಟ್ಟ ಅಡ್ಡಹೆಸರು. ಈ ರಚನೆಯನ್ನು ಅವರು ಹಲವು ಸಲ ನುಡಿಸಿದ್ದಾರೆ. ತಾವು ಹುಡುಕಬೇಕಾದ್ದು 1954ರ ಡಿಸೆಂಬರ್ 24ರಂದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಹೆಸರಿನಲ್ಲಿ ಮುದ್ರಣಗೊಂಡದ್ದನ್ನು. ಪಿಯಾನೊದಲ್ಲಿ ಥೆಲೋನಿಯಸ್ ಮಾಂಕ್, ಬೇಸ್ ಮತ್ತು ಡ್ರಮ್ಸಿನಲ್ಲಿ ಕ್ವಾರ್ಟೆಟ್ಟಿನ ಹೀತ್ ಮತ್ತು ಕ್ಲಾರ್ಕ್ ಇದ್ದಾರೆ.

ರಚನೆ ಹನ್ನೆರಡು ಅಳತೆಯ ಬ್ಲೂಸ್. ಒಂದೊಂದು ಅಳತೆಗೂ ನಾಲ್ಕು ಎಣಿಕೆ, ಒಟ್ಟು 48. ಆದಿತಾಳ ಹಾಕುವವರು ಆರು ಆವರ್ತ ಮುಗಿಸುವ ಹೊತ್ತಿಗೆ ಒಂದು ಸುತ್ತು ಮುಗಿಯುತ್ತದೆ. ಮೊದಲು ಆ ಸುತ್ತಿನಲ್ಲಿ ಪಲ್ಲವಿಯಂಥ ಚಿಕ್ಕ ರಾಗಖಂಡವನ್ನು ನುಡಿಸಿ, ಬಳಿಕ ಅದೇ 48 ಎಣಿಕೆಯ ಚೌಕಟ್ಟಿನೊಳಗೆ ಒಬ್ಬೊಬ್ಬರೂ ಸುತ್ತಿನ ಮೇಲೆ ಸುತ್ತು ಹೊಸದಾಗಿ ಕಟ್ಟುತ್ತ ಹೋಗುತ್ತಾರೆ. ನೆರವಲ್ ಕೇಳಿದ ಕಿವಿಗೆ ಇದು ಅಪರಿಚಿತವೆನಿಸದು. ತಾಳ ಹಾಕುತ್ತಲೇ ಕೇಳಿ. ಸುತ್ತು ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಯಿತೆಂಬುದು ಗೊತ್ತಾದರೆ ಉಳಿದದ್ದು ತಾನೇ ಬಿಚ್ಚಿಕೊಳ್ಳುತ್ತದೆ.

ಡೇವಿಸ್ ನುಡಿಸುವಾಗ ಹಿಂದೆ ಪಿಯಾನೊ ಇಲ್ಲದಿರುವುದನ್ನು ಗಮನಿಸಬೇಕು. ತಾವು ನುಡಿಸುವಾಗ ಸುಮ್ಮನಿರುವಂತೆ ಅವರು ಮಾಂಕ್ ಅವರಿಗೆ ಹೇಳಿದ್ದರು. ಟ್ರಂಪೆಟ್ ನಿಂತು ಜಾಕ್ಸನ್ ಎತ್ತಿಕೊಂಡೊಡನೆ ಪಿಯಾನೊ ಒಳಬರುತ್ತದೆ, ಅದೂ ಕೋನ ಕೋನವಾದ, ಅಡ್ಡಾದಿಡ್ಡಿ ಸ್ವರಗಳೊಂದಿಗೆ. ಅದಕ್ಕೆ ಅಳುಕದೆ ಜಾಕ್ಸನ್ ತಮ್ಮ ಪಾಡಿಗೆ ಹಾಡುತ್ತ ಹೋಗುತ್ತಾರೆ. ಇಲ್ಲಿ ಅವರ ಚಿಕ್ಕ ಸ್ವರಗಳ ಓಟದ ತುದಿಯಲ್ಲಿ ಬರುವ ಕಾರ್ವೆಗೆ ಕಿವಿಗೊಟ್ಟರೆ, ರುದ್ರಪಟ್ಟಣದ ಓದುಗರಿಗೆ ಹೇಳಿದ ನಿಧಾನದ ಅಲೆ ಕೇಳಿಸುತ್ತದೆ. ಮೊದಲ ಟೇಕ್ ಸುಮಾರು 11 ನಿಮಿಷದ್ದು. ಅದೇ ದಿನ ನುಡಿಸಿದ ಇನ್ನೊಂದು ಟೇಕನ್ನೂ ಅದೇ ರೆಕಾರ್ಡಿನಲ್ಲಿ ಸೇರಿಸಿದ್ದಾರೆ. ಎರಡನ್ನೂ ಬೆನ್ನುಬೆನ್ನಿಗೆ ಹಾಕಿ, ಜಾಕ್ಸನ್ ಅವರ ಸರದಿಯನ್ನಷ್ಟೇ ಹೋಲಿಸಿ ನೋಡಿ, ತಮಗೆ ಯಾವುದು ಹಿಡಿಸಿತೆಂದು ಬರೆದು ತಿಳಿಸಿ. ನಮ್ಮ ಒಲವು ಮೊದಲನೆಯದರ ಕಡೆಗೆ.